ದುಡ್ಡು ಕೊಟ್ಟು ತೆಗೆಸಿದ ಫೋಟೋ ಯಾರದ್ದು?

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಅರ್ಧ ನ್ಯಾಯವೂ ಇದೆ. ಕ್ಯಾಟಲಾಗಿಗೆಂದು ಫೋಟೋಗ್ರಾಫರನ್ನು ಕರೆಸಿದಿರಿ. ಸಾಮಾನು ನಿಮ್ಮದು, ಹೀಗೇ ತೆಗೆಯಿರಿ ಎಂದವರೂ ನೀವು. ಕೇಳಿದಷ್ಟು ಕೊಟ್ಟಿರಿ. ಎರಡು ವರ್ಷ ಬಿಟ್ಟು ಅದೇ ಚಿತ್ರವನ್ನು ಪೆಟ್ಟಿಗೆ ಮೇಲೆ ಹಾಕಿಸಿದ್ದಕ್ಕೆ ಇನ್ನೊಂದು ಬಿಲ್ ಬಂತು. "ಗುಂಡಿ ಒತ್ತಿದ್ದಕ್ಕೆ ಜೀವನಪೂರ್ತಿ ರಾಯಲ್ಟಿ ಕೊಡಬೇಕಾ?" ಎಂದು ಕೇಳಿದ್ದೀರಿ.

ಗುಂಡಿಯ ಮಾತು ಬಹಳ ಹಳೆಯದು. ಆಸ್ಕರ್ ವೈಲ್ಡ್ ಅವರ ಫೋಟೋವೊಂದನ್ನು ಅಮೆರಿಕದ ಕಂಪನಿಯೊಂದು ಕೇಳದೇ ಅಚ್ಚು ಹಾಕಿ ಮಾರಿತ್ತು. ಯಂತ್ರ ಮಾಡಿದ ಕೆಲಸಕ್ಕೆ ಕರ್ತೃ ಎಲ್ಲಿಂದ ಬಂದ ಎಂಬುದು ಅದರ ವಾದ. 1884ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಭಂಗಿ, ಉಡುಪು, ನೆರಳು-ಬೆಳಕು ಹೊಂದಿಸಿದ ಫೋಟೋಗ್ರಾಫರ್ ನೆಪೋಲಿಯನ್ ಸರೋನಿಯೇ ಕರ್ತೃ ಎಂದಿತು. ಹಾಗಾದರೆ ಹೊಂದಿಸುವುದರಲ್ಲಿ ನನ್ನ ಪಾಲೂ ಇತ್ತಲ್ಲ ಅಂತೀರಿ. ಇರಬಹುದು.

ಆದರೆ ರಾಯಲ್ಟಿ ಎಂಬ ಪದವೇ ಇಲ್ಲಿ ಸರಿಹೊಂದುವುದಿಲ್ಲ. ಪುಸ್ತಕ ಎಷ್ಟು ಹೋಯಿತು ಎಂದು ಎಣಿಸಿ ಲೇಖಕರಿಗೆ ಶೇಕಡಾ ಇಷ್ಟು ಅಂತ ಕೊಡಬಹುದು. ಪೆಟ್ಟಿಗೆ ಮಾರಾಟವಾದದ್ದರಲ್ಲಿ ಫೋಟೋದ ಪಾಲೆಷ್ಟು, ಒಳಗಿನ ಮಾಲಿನದ್ದೆಷ್ಟು? ಯಾರೂ ಹೇಳಲಾರರು. ಅದಕ್ಕೇ ಈ ಕಸುಬಿನವರು ಬಳಕೆಯ ಲೆಕ್ಕ ಹಿಡಿಯುತ್ತಾರೆ: ಎಲ್ಲಿ ಹಾಕುತ್ತೀರಿ, ಎಷ್ಟು ದಿನ, ಎಷ್ಟು ಪ್ರತಿ. ಕ್ಯಾಟಲಾಗಿಗೆ ಒಂದು ದರ, ಹೋರ್ಡಿಂಗಿಗೆ ಬೇರೆ. ಎಲ್ಲ ಹಕ್ಕೂ ಬೇಕೆಂದರೆ ಅದಕ್ಕೂ ದರವಿದೆ, ಜಾಸ್ತಿ ಅಷ್ಟೇ.

ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ನ್ಯೂಸ್‌ವೀಕ್ ಪತ್ರಿಕೆಗಾಗಿ ಗಾಯಕ ಪ್ರಿನ್ಸ್ ಅವರ ಫೋಟೋ ತೆಗೆದರು. ಆವತ್ತಿನದೇ ಒಂದು ಚಿತ್ರಕ್ಕೆ 1984ರಲ್ಲಿ ವ್ಯಾನಿಟಿ ಫೇರ್ 400 ಡಾಲರ್ ಕೊಟ್ಟಿತು. ಅದನ್ನು ನೋಡಿ ಕಲಾವಿದ ಆಂಡಿ ವಾರ್ಹಾಲ್ ಚಿತ್ರ ಮಾಡಬಹುದು, ಒಂದೇ ಸಲ ಬಳಸಬಹುದು ಎಂಬ ಒಪ್ಪಂದ. ವಾರ್ಹಾಲ್ ಮಾಡಿದ್ದು 16. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲೊಂದು ಪತ್ರಿಕೆಯೊಂದರ ಮುಖಪುಟಕ್ಕೆ ಹೋಯಿತು. ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಸಿಕ್ಕಿತು. ಗೋಲ್ಡ್‌ಸ್ಮಿತ್ ಅವರಿಗೆ ಬಿಡಿಗಾಸೂ ಇಲ್ಲ. ಕೊನೆಗೆ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಅವರ ಪರ ನಿಂತಿತು.

ನಾವೂ ಸಾಚಾ ಅಲ್ಲ ಬಿಡಿ. ಒಳಪುಟಕ್ಕೆಂದು ತೆಗೆಸಿದ ಭಾವಚಿತ್ರವೊಂದನ್ನು ಆಮೇಲೆ ಸುಮ್ನೆ ಕ್ಯಾಲೆಂಡರಿಗೆ ಹಾಕಿಕೊಂಡಿದ್ದೆವು. ಫೋಟೋಗ್ರಾಫರ್ ಫೋನ್ ಮಾಡಿ ಜಗಳವಾಡಲಿಲ್ಲ. "ಪ್ರಿಂಟ್ ಚೆನ್ನಾಗಿ ಬಂದಿದೆ ಸಾರ್, ನನಗೂ ಒಂದು ಕಾಪಿ ಕಳಿಸ್ತೀರಾ?" ಎಂದರಷ್ಟೇ. ಕ್ಯಾಲೆಂಡರ್ ಜೊತೆ ಚೆಕ್ಕೂ ಹೋಯಿತು.

ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ಭಾರತದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದವರೇ ಹಕ್ಕಿನ ಮೊದಲ ಮಾಲೀಕರು. ಬ್ರಿಟನ್ನಿನಲ್ಲೂ ಮೊದಲು ಹಾಗೇ ಇತ್ತು. 1988ರ ಕಾಯ್ದೆ ಬಂದ ಮೇಲೆ ತೆಗೆದವರ ಕಡೆ ಬಂತು. ಮನೆಯ ಸಮಾರಂಭದ ಫೋಟೋಗೆ ಮಾತ್ರ ಈ ಎರಡನೇ ಬಿಲ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಅದರಿಂದ ಯಾರೂ ದುಡ್ಡು ಮಾಡುವುದಿಲ್ಲ, ಅಲ್ವಾ? ವ್ಯಾಪಾರದ ಚಿತ್ರದ ಮಾತೇ ಬೇರೆ.

ಇನ್ನು ನಿಮ್ಮ ವಿಷಯ. ಪತ್ರದ ಜೊತೆ ಕಳಿಸಿದ ಕೊಟೇಶನ್ ಓದಿದೆ. ಕೊನೆಯ ಸಾಲು, ಸಣ್ಣ ಅಕ್ಷರ: "ಬಳಕೆ: ಕ್ಯಾಟಲಾಗ್ ಮಾತ್ರ, ಒಂದು ವರ್ಷ." ಅದರ ಕೆಳಗೇ ನಿಮ್ಮ ಸಹಿ ಇದೆ. ಹಾಗಾಗಿ ಕೊಡಲೇಬೇಕು ಅನ್ನಿಸುತ್ತದೆ. ಮೊತ್ತ ದುಬಾರಿ ಎನಿಸಿದರೆ ಧಾರಾಳವಾಗಿ ಚೌಕಾಸಿ ಮಾಡಿ. ಎಷ್ಟು ಪೆಟ್ಟಿಗೆ ಅಚ್ಚಾಗಿದೆ ಎಂಬುದನ್ನು ಮಾತ್ರ ಅವರಿಂದ ಮುಚ್ಚಿಡಬೇಡಿ.

– ಸಂಪಾದಕ