ಓಡಿದರೆ ಮಂಡಿ ನೋವು, ಜಿಮ್ ಎಂದರೆ ಅಮ್ಮನಿಗೆ ಭಯ

ಪ್ರಶ್ನೆ: ನನಗೆ 19 ವರ್ಷ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲ್ ವಾಸ. ಎತ್ತರ 170 ಸೆಂ.ಮೀ., ತೂಕ 98 ಕೆ.ಜಿ. ಅಪ್ಪನಿಗೆ 48ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಅದಕ್ಕೇ ಹೆದರಿ ಬೆಳಿಗ್ಗೆ ಓಡಲು ಶುರು ಮಾಡಿದೆ. ನಾಲ್ಕೇ ದಿನಕ್ಕೆ ಮಂಡಿ ನೋವು. ಜಿಮ್ ಸೇರ್ತೀನಿ ಅಂದ್ರೆ ಅಮ್ಮ ಬೇಡವೇ ಬೇಡ ಅಂತಾರೆ. ‘ದಪ್ಪ ಇರೋರು ಮೊದ್ಲು ಓಟ, ಸೈಕಲ್ ಥರದ ಕಾರ್ಡಿಯೋ ಮಾಡಿ ಕರಗಿಸ್ಬೇಕು, ಭಾರ ಎತ್ತೋ ವೇಟ್ಸ್ ಎಲ್ಲ ಆಮೇಲೆ’ ಅನ್ನೋದು ರೂಮ್‌ಮೇಟ್ ವಾದ. ಯಾವುದು ಸರಿ? ಹಾಗೇ, ಕತ್ತಿನ ಹಿಂದೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಉತ್ತರ: ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, ಆ ಕತ್ತಿನ ಕಪ್ಪು, ಅಲ್ಲಿಂದಲೇ ಶುರು ಮಾಡೋಣ. ಅದು ಕೊಳೆ ಅಲ್ಲ, ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಮುಟ್ಟಿದರೆ ಮಖಮಲ್ ಥರ ದಪ್ಪಗಿದೆ ಅಲ್ವಾ? ಕಂಕುಳಲ್ಲೂ ಇರಬಹುದು, ನೋಡಿಕೊಳ್ಳಿ. ನಿಮ್ಮಂಥ ಮೈಕಟ್ಟಿನವರಲ್ಲಿ ಬಹಳ ಸಲ ಇದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನು ಹೇಳಿದ ಮಾತನ್ನು ದೇಹ ಸರಿಯಾಗಿ ಕೇಳುತ್ತಿಲ್ಲ ಎಂಬುದರ ಗುರುತು. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಚರ್ಮ ಹೀಗೆ ದಪ್ಪಗಾಗುತ್ತದೆ.

ನಿಮ್ಮ ರೂಮ್‌ಮೇಟ್ ಎಡವಿರುವುದೂ ಇಲ್ಲೇ. ಊಟ ಮಾಡಿದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವುದು ಸ್ನಾಯುಗಳಿಗೆ. ಕೆಲಸವಿಲ್ಲದ ಸ್ನಾಯು ಬಾಗಿಲು ಹಾಕಿಕೊಂಡ ಗೋದಾಮಿನ ಹಾಗೆ. ಕುಳಿತು ಎದ್ದು, ಎತ್ತಿ ಇಳಿಸಿ ಕೆಲಸ ಕೊಟ್ಟರೆ ಬಾಗಿಲು ತೆರೆಯುತ್ತದೆ, ಗೋದಾಮೂ ದೊಡ್ಡದಾಗುತ್ತದೆ. ಇದು ವೇಟ್ಸ್ ಮಾಡುವ ಕೆಲಸ. ಕಾರ್ಡಿಯೋ ಮಾಡುವುದು ಬೇರೆಯದನ್ನು: ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ, ರಕ್ತನಾಳ ಸಡಿಲವಾಗುತ್ತದೆ, ಬಿಪಿ ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಇಳಿಯುತ್ತವೆ. ಒಂದರ ಕೆಲಸವನ್ನು ಇನ್ನೊಂದು ಪೂರ್ತಿ ಮಾಡಿಕೊಡುವುದಿಲ್ಲ.

ಕೆನಡಾದ ಒಟ್ಟಾವಾದಲ್ಲಿ ನಿಮಗಿಂತ ಸ್ವಲ್ಪ ಚಿಕ್ಕವರ ಮೇಲೆ, ಅಂದರೆ 14ರಿಂದ 18 ವರ್ಷದ, ಬೊಜ್ಜಿರುವ 304 ಹುಡುಗ ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಫಲಿತಾಂಶ ಬಂದದ್ದು 2014ರಲ್ಲಿ. ಕೆಲವರಿಗೆ ಬರೀ ಕಾರ್ಡಿಯೋ, ಕೆಲವರಿಗೆ ಬರೀ ವೇಟ್ಸ್, ಕೆಲವರಿಗೆ ಎರಡೂ. ಮೂರೂ ಗುಂಪಿನಲ್ಲಿ ಮೈಯ ಕೊಬ್ಬು ಇಳಿಯಿತು. ತಪ್ಪಿಸಿಕೊಳ್ಳದೆ ಬಂದವರನ್ನಷ್ಟೇ ಲೆಕ್ಕ ಹಾಕಿದಾಗ, ಎರಡೂ ಮಾಡಿದವರಿಗೆ ಬರೀ ಕಾರ್ಡಿಯೋದವರಿಗಿಂತ ಜಾಸ್ತಿ ಇಳಿದಿತ್ತು. ‘ತಪ್ಪಿಸಿಕೊಳ್ಳದೆ’ ಎಂಬ ಪದವನ್ನು ಗಮನಿಸಿ.

ಹಾಗಂತ ಕಾರ್ಡಿಯೋ ಬಿಟ್ಟು ಬರೀ ಡಂಬೆಲ್ ಹಿಡಿಯಬೇಡಿ. ಅಮೆರಿಕದ ಅಯೋವಾದಲ್ಲಿ ಒಂದು ವರ್ಷ ನಡೆದ ಇನ್ನೊಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅಲ್ಲಿದ್ದವರು 35ರಿಂದ 70 ವರ್ಷದವರು, ನಿಮ್ಮ ಅಪ್ಪನ ವಯಸ್ಸಿನವರು ಅನ್ನಿ. ಬಿಪಿ, ಕೊಲೆಸ್ಟ್ರಾಲ್, ಸಕ್ಕರೆ, ಕೊಬ್ಬು ಎಲ್ಲ ಸೇರಿಸಿ ನೋಡಿದಾಗ ಬರೀ ವೇಟ್ಸ್ ಮಾಡಿದವರಿಗೆ ಹೃದಯದ ಅಪಾಯ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಒಂದು ಗಂಟೆ ಕಾರ್ಡಿಯೋ ಮಾಡಿದವರಿಗೂ, ಅರ್ಧ ಗಂಟೆ ಕಾರ್ಡಿಯೋ ಅರ್ಧ ಗಂಟೆ ವೇಟ್ಸ್ ಮಾಡಿದವರಿಗೂ ಹೆಚ್ಚುಕಮ್ಮಿ ಒಂದೇ ಲಾಭ. ಎರಡನೆಯವರಿಗೆ ಮೈಯಲ್ಲಿ ಶಕ್ತಿಯೂ ಬಂತು. ನನ್ನ ಓಟು ಆ ಅರ್ಧ-ಅರ್ಧಕ್ಕೆ.

ಇನ್ನು ಮಂಡಿ. ತಪ್ಪು ಮಂಡಿಯದಲ್ಲ, ಅವಸರದ್ದು. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ನೆಲದಿಂದ ವಾಪಸ್ ಬಡಿಯುತ್ತದೆ. 98 ಕೆ.ಜಿ.ಯ ಮೈಯನ್ನು ತೊಡೆಯ ಸ್ನಾಯು ಗಟ್ಟಿಯಾಗುವ ಮುಂಚೆ ಓಡಿಸಿದರೆ ಮಂಡಿ ಚೀರದೆ ಇನ್ನೇನು ಮಾಡೀತು? ಆರು ವಾರ ಓಟ ಬೇಡ. ನಡೆಯಿರಿ, ಇಲ್ಲವೇ ಯಾರದಾದರೂ ಹಳೆ ಸೈಕಲ್ ಇಸ್ಕೊಳ್ಳಿ. ಊತ ಇದ್ದರೆ, ಮಂಡಿ ಸಿಕ್ಕಿಹಾಕಿಕೊಂಡಂತಾದರೆ ಮಾತ್ರ ಮೂಳೆ ಡಾಕ್ಟರಿಗೆ ತೋರಿಸಿ.

ಅಮ್ಮನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಜಿಮ್ ಎಂಬ ಪದವೇ ಅಪಶಕುನವಾಗಿಬಿಟ್ಟಿದೆ. ನಿಮ್ಮ ಮನೆಯಲ್ಲಂತೂ ಸ್ಟೆಂಟ್ ಬೇರೆ ಬಂದಿದೆ. ಆದ್ದರಿಂದ ಮೊದಲು ಒಂದು ಸಲ ಫಿಸಿಶಿಯನ್ ಹತ್ತಿರ ಹೋಗಿ. ಅಪ್ಪನಿಗೆ 48ಕ್ಕೇ ಆಗಿದೆ ಎಂದು ಬಾಯಿಬಿಟ್ಟು ಹೇಳಿ. 55ಕ್ಕೆ ಮುಂಚೆ ತಂದೆಗೆ ಆಗಿದ್ದರೆ ಅದಕ್ಕೆ ಬೇರೆಯದೇ ತೂಕವಿದೆ. ಕೊಲೆಸ್ಟ್ರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ, ಒಂದು ಇಸಿಜಿ ಇಷ್ಟು ಸಾಕಾಗಬಹುದು. ಬಿಪಿ ನೋಡುವಾಗ ತೋಳಿಗೆ ದೊಡ್ಡ ಪಟ್ಟಿ ಕಟ್ಟಲು ಕೇಳಿ, ಸಂಕೋಚ ಬೇಡ. ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಇದೆ ಎಂದು ತೋರಿಸುತ್ತದೆ. ವ್ಯಾಯಾಮದ ನಡುವೆ ಎದೆ ಹಿಡಿದಂತಾದರೆ, ಕಣ್ಣು ಕತ್ತಲೆ ಬಂದರೆ, ಎದೆ ಏರುಪೇರಾಗಿ ಹೊಡೆದುಕೊಂಡರೆ ಅಲ್ಲಿಗೇ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಡಾಕ್ಟರು ಸರಿ ಅಂದ ಮೇಲೂ ಜಿಮ್ ಫೀಸು ಕಟ್ಟುವ ಅಗತ್ಯವಿಲ್ಲ. ಸೋಮವಾರ, ಗುರುವಾರ ರೂಮಿನಲ್ಲೇ ಶಕ್ತಿಯ ವ್ಯಾಯಾಮ. ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈ ಊರದೆ ಎದ್ದು ಕೂತು ಹತ್ತು ಸಲ. ಗರಡಿಮನೆಯ ಬಸ್ಕಿಯ ತಮ್ಮ ಇದು, ಮಂಡಿ ತಡೆದುಕೊಂಡ ಹಾಗೆ ಅಣ್ಣನ ಹತ್ತಿರ ಹೋಗಬಹುದು. ಆಮೇಲೆ ಗೋಡೆಗೆ ಕೈ ಕೊಟ್ಟು ದಂಡ. ಬ್ಯಾಗಿಗೆ ನಾಲ್ಕು ದಪ್ಪ ಪುಸ್ತಕ ತುಂಬಿ, ಸೊಂಟ ಬಗ್ಗಿಸಿ ನಿಂತು, ಹೊಟ್ಟೆಯ ಕಡೆಗೆ ಎಳೆಯುವುದು. ಅಂಗಾತ ಮಲಗಿ ಸೊಂಟ ಎತ್ತುವುದು. ಕೊನೆಗೆ ಎರಡು ಕೈಯಲ್ಲೂ ಐದೈದು ಲೀಟರ್ ನೀರಿನ ಕ್ಯಾನ್ ಹಿಡಿದು ಕಾರಿಡಾರ್‌ನಲ್ಲಿ ಹೋಗಿಬರುವುದು. ಎಲ್ಲವೂ ಎರಡೆರಡು ಸುತ್ತು. ಕೊನೆಯ ಎರಡು ಮೂರು ಸಲ ಕಷ್ಟ ಅನ್ನಿಸಬೇಕು, ಮುಖ ಕಿವುಚುವಷ್ಟಲ್ಲ. ಜೋರಾಗಿ ಎಣಿಸುತ್ತಾ ಮಾಡಿ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಬಿಪಿ ಆ ಕ್ಷಣ ಗಕ್ಕನೆ ಏರುತ್ತದೆ. ಎಣಿಸುವವರು ಉಸಿರು ಹಿಡಿಯಲಾರರು. ರೂಮ್‌ಮೇಟ್ ನಗಲಿ ಬಿಡಿ.

ಉಳಿದ ಐದು ದಿನ ನಡಿಗೆ, ಮೊದಲ ವಾರ 15 ನಿಮಿಷ. ವಾರಕ್ಕೆ ಐದೈದು ನಿಮಿಷ ಏರಿಸಿ. ನಾಲ್ಕನೇ ವಾರಕ್ಕೆ ದಿನಕ್ಕೆ ಅರ್ಧ ಗಂಟೆ, ಅಂದರೆ ವಾರಕ್ಕೆ 150 ನಿಮಿಷ ಆಗುತ್ತದೆ. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಲೆಕ್ಕವೂ ಅದೇ, ಜೊತೆಗೆ ಎರಡು ದಿನ ಸ್ನಾಯುಗಳ ಕೆಲಸ. ಇಂಟರ್ನಲ್ಸ್ ಇರುವ ವಾರ ಅರ್ಧ ಮಾಡಿ, ಪೂರ್ತಿ ಬಿಡಬೇಡಿ.

ತೂಕದ ಮಷೀನನ್ನು ದಿನಾ ಹತ್ತಬೇಡಿ, ಮೊದಲ ತಿಂಗಳು ಅದು ಅಲ್ಲಾಡದೇ ಇರಬಹುದು. ಬದಲಿಗೆ ದರ್ಜಿಯ ಟೇಪಿನಲ್ಲಿ ಹೊಟ್ಟೆಯ ಸುತ್ತಳತೆ ಬರೆದಿಡಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸಿ. ಹಾಸ್ಟೆಲ್ ಮೆಟ್ಟಿಲು ಹತ್ತಿ ಏದುಸಿರು ನಿಲ್ಲಲು ಎಷ್ಟು ಹೊತ್ತು ಬೇಕು ನೋಡಿ. ತೂಕ ಇಳಿಯದಿದ್ದರೂ ಹೃದಯ ಸುಧಾರಿಸುತ್ತಿರುತ್ತದೆ. ತೂಕ ನಿಜವಾಗಿ ಇಳಿಯಬೇಕೆಂದರೆ ಮೆಸ್ಸಿನ ಎರಡನೇ ಸಲದ ಅನ್ನ, ಸಂಜೆಯ ಪಫ್ಸ್, ದಿನಕ್ಕೆ ನಾಲ್ಕು ಸಕ್ಕರೆ ಟೀ ಇವುಗಳ ಜೊತೆ ಮಾತುಕತೆ ಆಗಲೇಬೇಕು. ಕೊಬ್ಬು ಕರಗಿಸುವ ಪುಡಿ, ವರ್ಕೌಟ್‌ಗೆ ಮುಂಚಿನ ಪುಡಿ ಅಂತ ಯಾರಾದರೂ ಕೊಟ್ಟರೆ ಕೈ ಮುಗಿದು ವಾಪಸ್ ಮಾಡಿ. ಕೆಲವದರಲ್ಲಿ ವಿಪರೀತ ಕೆಫೀನ್ ಇರುತ್ತದೆ, ನಿಮ್ಮ ಮನೆತನದ ಹೃದಯಕ್ಕೆ ಅದು ಬೇಡ.

ಪ್ರಶ್ನೆ: ಮಗಳಿಗೆ 16, ಪಿಯುಸಿ ಮೊದಲ ವರ್ಷ, 82 ಕೆ.ಜಿ. ಇದ್ದಾಳೆ. ವೇಟ್ಸ್ ಮಾಡಿದರೆ ಎತ್ತರ ನಿಂತುಹೋಗುತ್ತದೆ, ಗಂಡಸರ ಮೈ ಬರುತ್ತದೆ ಅಂತ ಅತ್ತೆ ಹೇಳುತ್ತಾರೆ. ನಿಜವೇ?

ಉತ್ತರ: ಎರಡೂ ನಿಜವಲ್ಲ. ಸರಿಯಾಗಿ ಕಲಿಸಿ ಮಾಡಿಸಿದ ಭಾರದ ವ್ಯಾಯಾಮ ಎತ್ತರವನ್ನು ನಿಲ್ಲಿಸುವುದಿಲ್ಲ, ಮೂಳೆ ಗಟ್ಟಿ ಮಾಡುತ್ತದೆ. ನಿಮ್ಮ ಅತ್ತೆಯವರು ಹುಡುಗಿಯಾಗಿದ್ದಾಗ ಬಾವಿಯಿಂದ ಕೊಡ ಸೇದಿಲ್ಲವೇ, ಒರಳು ತಿರುವಿಲ್ಲವೇ? ಸುಮ್ನೆ ಕೇಳಿ ನೋಡಿ. ಮೇಲೆ ಹೇಳಿದ ಕೆನಡಾದ ಅಧ್ಯಯನದಲ್ಲಿ ನಿಮ್ಮ ಮಗಳ ವಯಸ್ಸಿನ ಹುಡುಗಿಯರೂ ಇದ್ದರು. 17 ವರ್ಷದವರೆಗೆ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಆಡಬೇಕು, ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಸ್ನಾಯು, ಮೂಳೆಗೆ ಕೆಲಸ ಇರಬೇಕು. ಟ್ಯೂಷನ್‌ಗೆ ಸ್ಕೂಟರ್‌ನಲ್ಲಿ ಬಿಡುವ ಬದಲು ನಡೆದು ಹೋಗಲಿ, ಅದೂ ಲೆಕ್ಕಕ್ಕೆ ಸೇರುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಮುಖದ ಮೇಲೆ ಕೂದಲು ಹೆಚ್ಚಾಗಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಒಂದು ವಿನಂತಿ: ಊಟದ ಹೊತ್ತಿಗೆ ತೂಕದ ಮಾತು ತೆಗೆಯಬೇಡಿ. ಬೈಸಿಕೊಂಡ ಮಕ್ಕಳು ಕದ್ದು ತಿನ್ನುತ್ತಾರೆ.

ಪ್ರಶ್ನೆ: ನಡೆಯುವಾಗ ಸ್ಮಾರ್ಟ್‌ವಾಚ್ ಒಮ್ಮೊಮ್ಮೆ ಎದೆಬಡಿತ ನಿಮಿಷಕ್ಕೆ 170 ತೋರಿಸುತ್ತದೆ. ವಯಸ್ಸು 21. ಹೆದರಬೇಕೇ?

ಉತ್ತರ: ಮಣಿಕಟ್ಟಿನ ವಾಚು ಪಟ್ಟಿ ಸಡಿಲವಾದರೂ, ಕೈ ಬೀಸಿದರೂ ತಪ್ಪು ಎಣಿಸುತ್ತದೆ. ನಿಂತು, ಕತ್ತಿನ ಪಕ್ಕ ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ದಿನನಿತ್ಯಕ್ಕೆ ಅದಕ್ಕಿಂತ ಸುಲಭದ ಅಳತೆ ಇದೆ. ನಡೆಯುತ್ತಾ ಫೋನಿನಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಧಾನಕ್ಕೆ ನಡೆದರೂ ನಿಜವಾಗಿಯೇ 170 ಬರುತ್ತಿದ್ದರೆ, ಇಲ್ಲವೇ ಕೂತಾಗಲೂ ಎದೆ ಓಡುತ್ತಿದ್ದರೆ ಇಸಿಜಿ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ಅದರ ಜೊತೆಗೇ ನೋಡಿಸಿ.