ಹಳೇ ಔಷಧಿ ರೀಲಿನ ಮುರಿದ ನಿಪ್ಪಲ್: ಜಿಐ ಬೇಡ, ಹಿತ್ತಾಳೆಯೇ ಹಾಕಿ

ಸೆಕೆಂಡ್ ಹ್ಯಾಂಡ್ ಎಚ್‌ಟಿಪಿ ರೀಲ್ (ಹೈ-ಪ್ರೆಶರ್ ಔಷಧಿ ಪಂಪಿನ ಪೈಪ್ ಸುತ್ತುವ ಡ್ರಮ್) ತಂದಿದ್ದೀರಿ, ಡ್ರಮ್ಮಿನ ನಡುವಿನ ಹಿತ್ತಾಳೆ ನಿಪ್ಪಲ್ (ಥ್ರೆಡ್ ಇರುವ ಗಿಡ್ಡ ಪೈಪ್ ತುಂಡು) ಥ್ರೆಡ್ ಬುಡದಲ್ಲೇ ಮುರಿದಿದೆ, ತಿರುಗುವ ಜಾಯಿಂಟ್ ಕೂಡ ಸೋರುತ್ತಿದೆ, ಎಂ-ಸೀಲ್ ಮೆತ್ತಿ ಈ ಸಲದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಸಿಂಪಡಣೆ ಮುಗಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಹೂಗಿಡಕ್ಕೆ ನೀರು ಬಿಡೋ ಪೈಪಾಗಿದ್ದರೆ ನಡೀತಿತ್ತು. ಅಡಿಕೆ ಗೊನೆಗೆ ಔಷಧಿ ಹಾರಿಸುವಾಗ ಗೇಜು 300 ಪಿಎಸ್‌ಐ ತೋರಿಸಿದರೆ ಚದರ ಸೆಂ.ಮೀ.ಗೆ ಸುಮಾರು 21 ಕೆಜಿ ಒತ್ತಡ. ಹೊರಗಿಂದ ಮೆತ್ತಿದ್ದು ಅದಕ್ಕೆ ನಿಲ್ಲಲ್ಲ.

ನಿಮ್ಮ ಪ್ರಶ್ನೆಗೆ ಒಬ್ಬರು ‘ಜಿಐ (ಸತು ಲೇಪಿಸಿದ ಕಬ್ಬಿಣ) ನಿಪ್ಪಲ್ ಹಾಕಿ, ಅಗ್ಗ, ಗಟ್ಟಿ’ ಅಂದಿದ್ದಾರೆ. ಬರೀ ನೀರಿಗಾದರೆ ಸರಿ, ಬೋರ್ಡೋಗೆ ಬೇಡ. ದ್ರಾವಣ ಹದವಾಗಿದೆಯಾ ನೋಡಲು ಹೊಳೆಯುವ ಕತ್ತಿ ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತೆ. ತಾಮ್ರ ಕೂರಬೇಕಾದರೆ ಅಲ್ಲಿಂದ ಕಬ್ಬಿಣ ಕರಗಿ ಹೋಗಿರಲೇಬೇಕು. ಜಿಐ ನಿಪ್ಪಲ್ ಒಳಗೂ ಇದೇ ಕಥೆ. ಮೊದಲು ಮೇಲಿನ ಸತು ಹೋಗುತ್ತೆ, ಆಮೇಲೆ ಕಬ್ಬಿಣ. ಪಕ್ಕದಲ್ಲಿ ಹಿತ್ತಾಳೆ ಇದ್ದರಂತೂ ಸೇರುವ ಜಾಗದಲ್ಲೇ ಬೇಗ ತಿನ್ನುತ್ತೆ. ಎದ್ದ ತುಕ್ಕು ಹೋಗಿ ನಾಜಲ್‌ಗೆ ಸಿಕ್ಕಿಕೊಂಡರೆ ಮರದ ಮೇಲಿರುವವನ ಬೈಗುಳ ನಿಮಗೇ.

ಒಳಗುಳಿದ ತುಂಡು ತೆಗೆಯುವುದೇ ಇದರಲ್ಲಿ ನಿಜವಾದ ಕೆಲಸ. ಥ್ರೆಡ್‌ನಲ್ಲಿ ಸುಣ್ಣ ಕಚ್ಚಿಕೊಂಡಿರುತ್ತೆ, ಸ್ವಲ್ಪ ವಿನೆಗರ್ ಬಿಟ್ಟು ಒಂದೆರಡು ಗಂಟೆ ಬಿಡಿ. ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರ್‌ನಲ್ಲಿ ಉಜ್ಜಿ ಅಗಲ ಅರ್ಧಕ್ಕೆ ಇಳಿಸಿ, ತುದಿಗೆ ಬಟ್ಟೆ ಸುತ್ತಿ ಹಿಡಿದುಕೊಂಡು, ತುಂಡಿನ ಒಳಗಿಂದ ಅಕ್ಕಪಕ್ಕ ಎರಡು ಗೀರು ಕೊಯ್ಯಿರಿ. ಹೊರಗಿನ ಥ್ರೆಡ್ ಮುಟ್ಟುವ ಮುಂಚೆಯೇ ನಿಲ್ಲಿಸಬೇಕು. ನಡುವಿನ ಪಟ್ಟಿಯನ್ನು ಸಣ್ಣ ಉಳಿಯಿಂದ ಒಳಮುಖವಾಗಿ ತಟ್ಟಿದರೆ ಮಡಚಿಕೊಂಡು ಬರುತ್ತೆ, ಉಳಿದದ್ದು ಸಲೀಸು. ಪ್ಲಾಸ್ಟಿಕ್ ಡ್ರಮ್ ಆದರೆ ಗ್ಯಾಸ್ ಬೆಂಕಿ ಹತ್ತಿರ ತರಬೇಡಿ.

ಮುರಿದ ತುಂಡನ್ನು ಅಂಗಡಿಗೇ ಒಯ್ಯಿರಿ. ಅರ್ಧ ಇಂಚು ಬಿಎಸ್‌ಪಿ (ಪೈಪ್ ಥ್ರೆಡ್ಡಿನ ಅಳತೆ) ಅಂದರೆ ಥ್ರೆಡ್ ಮೇಲೆ ಅಳೆದರೆ ಹೆಚ್ಚುಕಡಿಮೆ 21 ಮಿ.ಮೀ. ಬರುತ್ತೆ, ಅದನ್ನು ನೋಡಿ ಮುಕ್ಕಾಲು ಇಂಚು ತರುವವರಿದ್ದಾರೆ. ಟೆಫ್ಲಾನ್ ಟೇಪು ಥ್ರೆಡ್ ತಿರುಗಿಸುವ ದಿಕ್ಕಿಗೇ ಸುತ್ತಿ.

ಇನ್ನು ತಿರುಗುವ ಜಾಯಿಂಟು. ಅಲ್ಲಿಗೆ ಟೇಪು ಸುತ್ತಿ ಪ್ರಯೋಜನವಿಲ್ಲ. ಸರ್ಕ್ಲಿಪ್ (ಜಾಯಿಂಟು ಕಳಚದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ತೆಗೆದು ಎಳೆದರೆ ಒಳಗೆ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸಿಗುತ್ತೆ; ಚಪ್ಪಟೆಯಾಗಿದ್ದರೆ ಅದೇ ಅಳತೆಯ ನೈಟ್ರೈಲ್ ರಬ್ಬರ್ ರಿಂಗ್, ಸ್ವಲ್ಪ ಸಿಲಿಕೋನ್ ಗ್ರೀಸ್. ಹಾಕುವ ಮುಂಚೆ ಶಾಫ್ಟ್ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಗೀರು ತಡೆದರೆ ಹೊಸ ರಿಂಗೂ ಬಾಳಲ್ಲ, ಇಡೀ ತಿರುಗುವ ಜಾಯಿಂಟನ್ನೇ (ಸ್ವಿವೆಲ್) ಬದಲಿಸುವುದೇ ಲಾಭ.

ನೀವು ಹಾಕಿದ ಫೋಟೋದಲ್ಲಿ ಪೈಪಿನ ತುದಿಗೆ ಸ್ಕ್ರೂ ಕ್ಲಿಪ್ ಕಾಣಿಸ್ತಿದೆ, ಅದೂ ಈ ಒತ್ತಡಕ್ಕಲ್ಲ. ಹೈಡ್ರಾಲಿಕ್ ಪೈಪ್ ಅಂಗಡಿಯಲ್ಲಿ ಕ್ರಿಂಪ್ ಮಾಡಿಸಿ (ಮೆಷಿನ್ನಿನಲ್ಲಿ ಲೋಹದ ತೋಳು ಒತ್ತಿ ಕೂರಿಸುವುದು). ಮೊದಲು ಬರೀ ನೀರು ಹಾಕಿ, ಒತ್ತಡ ನಿಧಾನಕ್ಕೆ ಏರಿಸಿ. ಎಲ್ಲಿ ಸೋರುತ್ತೆ ಅಂತ ಬೆರಳಿಟ್ಟು ಹುಡುಕಬೇಡಿ, ಸಣ್ಣ ತೂತಿನಿಂದ ಚಿಮ್ಮುವ ನೀರು ಚರ್ಮ ಸೀಳಿ ಒಳಗೆ ಹೋಗಬಲ್ಲದು. ರಟ್ಟಿನ ತುಂಡು ಹಿಡಿದು ನೋಡಿ. ಬಿಗಿ ಮಾಡುವುದೇನಿದ್ದರೂ ಇಂಜಿನ್ ಆಫ್ ಮಾಡಿ ಒತ್ತಡ ಇಳಿಸಿದ ಮೇಲೆ.