ಮುಂದಿನ ಆಕ್ಸಲ್ ಪದೇ ಪದೇ ಮುರಿಯುತ್ತಿದೆ, ಇನ್ನೂ ಗಟ್ಟಿಯಾದ ಡಾನಾ 44 ಆಕ್ಸಲ್ ಹಾಕಿಸಲಾ?

ಮಂಡ್ಯದ ಹಳೇ ಜೀಪಿಗೆ 33 ಇಂಚಿನ ಟೈರ್ ಹಾಕಿದ ಮೇಲೆ ಈ ತೊಂದರೆ ಶುರುವಾಯಿತು ಅಂದಿರಿ. ಮೊದಲು ಏನು ಮುರಿಯುತ್ತಿದೆ ನೋಡಿ.

ನನ್ನದು ಕಬ್ಬಿನ ಗದ್ದೆ ಪಕ್ಕದ ಕೆಸರಲ್ಲಿ ಹೂತಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ, 'ಟಕ್' ಅಂತು. ಬಿಚ್ಚಿ ನೋಡಿದರೆ ಯು-ಜಾಯಿಂಟಿನ (ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು) ಸೂಜಿ ಬೇರಿಂಗ್ ತುಕ್ಕು ಹಿಡಿದು ಪುಡಿಯಾಗಿತ್ತು. ತಪ್ಪು ನನ್ನದೇ, ಗ್ರೀಸ್ ಕಂಡು ವರ್ಷಗಳಾಗಿತ್ತು! ಹೀಗಿದ್ದರೆ ಒಳ್ಳೇ ಯು-ಜಾಯಿಂಟ್, ಕ್ರೋಮೋಲಿ (ಗಟ್ಟಿ ಮಿಶ್ರ ಉಕ್ಕಿನ) ಶಾಫ್ಟ್ ಸಾಕು.

ಕ್ರೌನ್ (ಆಕ್ಸಲ್ ಒಳಗಿನ ದೊಡ್ಡ ಗೇರು) ಹಲ್ಲು ಕಿತ್ತಿದ್ದರೆ ಅಥವಾ ಹೌಸಿಂಗ್ (ಆಕ್ಸಲಿನ ಹೊರಕವಚ) ಬಾಗಿದ್ದರೆ ಮಾತು ಬೇರೆ. ಚಿಕ್ಕ ಆಕ್ಸಲ್ ಡಾನಾ 30ರ ಕ್ರೌನ್ ವ್ಯಾಸ ಸುಮಾರು 7.2 ಇಂಚು, ಡಾನಾ 44ರದ್ದು 8.5 ಇಂಚು. ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗಿಸುವ ಸಾಧನ) ಹಾಕಿ ಬಂಡೆ ಹತ್ತಿಸುವವರಿಗೆ ಆ ಗಾತ್ರ ಬೇಕು. ಅದಕ್ಕೂ ದೊಡ್ಡ ಡಾನಾ 60 ಸುಮ್ನೆ ಭಾರ.

ಸೆಕೆಂಡ್ ಹ್ಯಾಂಡ್ ತರುವಾಗ ಎಡವುವುದು ಇಲ್ಲೇ: ಡಿಫರೆನ್ಶಿಯಲ್ ಗುಂಡು (ಆಕ್ಸಲಿನಲ್ಲಿ ಕ್ರೌನ್ ಇರುವ ಉಬ್ಬು) ನಿಮ್ಮ ಟ್ರಾನ್ಸ್‌ಫರ್ ಕೇಸಿನ (ಇಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಶಾಫ್ಟ್ ಬರುವ ಬದಿಗೇ ಇರಬೇಕು. ವಿದೇಶದ್ದಾದರೆ ಸ್ಟೀರಿಂಗ್ ಜೋಡಣೆ ಹೆಚ್ಚಾಗಿ ಎಡಬದಿ ಸ್ಟೀರಿಂಗಿನ ಗಾಡಿಯದು, ಬದಲಿಸಬೇಕಾಗುತ್ತದೆ. ಗೇರ್ ರೇಷಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು) ಹಿಂದಿನ ಆಕ್ಸಲಿನದಕ್ಕೆ ಹೊಂದಲೇಬೇಕು. ಹಿಂದೆ 4.88, ಮುಂದೆ 4.10 ಇಟ್ಟು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸೇ ಹೋಗುತ್ತದೆ.

ದುಡ್ಡು ಕೊಡುವ ಮುಂಚೆ ಆರ್‌ಟಿಓದಲ್ಲಿ ಈ ಬದಲಾವಣೆಗೆ ಒಪ್ಪಿಗೆ ಇದೆಯಾ ಅಂತ ಒಂದು ಮಾತು ಕೇಳಿ.